ಹತ್ತಕ್ಕೆ ಎಷ್ಟು

ನೋವು ಹತ್ತಕ್ಕೆ ಎಷ್ಟು, ಎಂದಳು ಅಫ್ರೀನಾ,
ಸಂತೆಯಲ್ಲಿ ನಿಂಬೆಹಣ್ಣು ಕೇಳಿದ ಹಾಗೆ.
ಕೋಲಾರದ ಡೂಂಲೈಟ್ ಸರ್ಕಲ್ಲಿನ ಹಿಂದೆ
ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ.
ಹಿಮ್ಮಡಿ ನೋವಿನವರನ್ನು ಮೆಟ್ಟಿಲು ಹತ್ತಿಸಿ ಕರೆಸಿಕೊಳ್ಳುವ ಆಸ್ಪತ್ರೆ.
ಎಂಟು, ಎಂದೆ. ಚಿಲ್ಲರೆ ಎರಡು ನೀನೇ ಕೊಡಬೇಕು.
ನಗಲಿಲ್ಲ ಹುಡುಗಿ. ಬರೆದುಕೊಂಡಳು.

ಹತ್ತೊಂಬತ್ತು ವರ್ಷ ನಿಂತೇ ಇದ್ದೇನೆ ನಾನು,
ಕೋಲಾರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ.
ಕಂಡಕ್ಟರಿಗೆ ಸೀಟು ಇದೆ, ಇಲ್ಲವೆನ್ನಲಾರೆ;
ಅದರಲ್ಲಿ ಯಾವಾಗಲೂ ಯಾರದೋ ಮಗು ಮಲಗಿರುತ್ತದೆ,
ಇಲ್ಲಾ ಟೊಮೆಟೊ ಕ್ರೇಟು.
ಬೆಳಿಗ್ಗೆ ಮಂಚ ಇಳಿದರೆ ಮೊದಲ ಹೆಜ್ಜೆ
ಜಾಲಿಮುಳ್ಳಿನ ಮೇಲೆ.
ಎರಡನೆಯದೂ ಅದರ ಮೇಲೇ.
ಹತ್ತನೆಯದಕ್ಕೆ ಮುಳ್ಳು ಸ್ವಲ್ಪ ದಾರಿ ಬಿಡುತ್ತದೆ.

ಕೊಯ್ಯುವುದಿಲ್ಲ, ಎಂದಳು. ಸೂಜಿ ಇಲ್ಲ, ಹೊಲಿಗೆ ಇಲ್ಲ.
ತಣ್ಣನೆ ಜೆಲ್ಲು ಹಚ್ಚಿ, ಉಕ್ಕಿನ ಮೂತಿಯೊಂದನ್ನು ಹಿಮ್ಮಡಿಗೆ ಒತ್ತಿ
ಎರಡು ಸಾವಿರ ಏಟು.
ಎದ್ದು ಕೂತೆ.
ಏಟಲ್ಲ ಆಂಟಿ, ಅಲೆ. ಶಾಕ್ ವೇವ್. ಕರೆಂಟಲ್ಲ.
ನಿಮ್ಮ ಗಾಯ ಹಳೆಯದಾಯಿತು, ಮೈ ಅದನ್ನು ಮರೆತುಬಿಟ್ಟಿದೆ,
ನೋವು ಮಾತ್ರ ಮರೆತಿಲ್ಲ.
ಬಾಗಿಲು ಬಡಿದು ಎಬ್ಬಿಸಬೇಕು,
ಇಲ್ಲೊಂದು ರಿಪೇರಿ ಬಾಕಿ ಇದೆ ಅಂತ.

ಟಕ್ ಟಕ್ ಟಕ್ ಟಕ್.
ಎಣಿಸಲು ಹೋದೆ, ಅಭ್ಯಾಸ.
ಸೆಕೆಂಡಿಗೆ ಹತ್ತು ಟಿಕೆಟು ಹರಿಯುವ ಕೈ
ನಮ್ಮ ಡಿಪೋದಲ್ಲಿಲ್ಲ. ನೂರರ ಹತ್ತಿರ ಲೆಕ್ಕ ತಪ್ಪಿತು.
ಮಂಚ ನಡುಗಿ, ಅದಕ್ಕೊರಗಿದ ಸ್ಟೂಲು ನಡುಗಿ,
ಸ್ಟೂಲಿನ ಮೇಲಿದ್ದ ಸ್ಟೀಲ್ ಲೋಟ
ತನ್ನಷ್ಟಕ್ಕೆ ತಾನು ಗಿಣಿಗಿಣಿ ಅಂದಿತು.

ಆ ಸದ್ದು ನನಗೆ ಗೊತ್ತು.

ಚಾಂಪಿಯನ್ ರೀಫಿನ ಲೈನ್ ಮನೆ. ನನಗೆ ಒಂಬತ್ತು.
ಮೊದಲು ಗೂಡಿನ ಲೋಟಗಳು. ಆಮೇಲೆ ನೆಲ.
ಆಮೇಲೆ ಗೋಡೆಯ ಸುಣ್ಣ, ಉದುರಿ, ಅನ್ನದ ಮೇಲೆ.
ಗಣಿಯ ತಳದಲ್ಲೆಲ್ಲೋ ಬಂಡೆ ಸಿಡಿದರೆ
ಒಲೆಯ ಮುಂದೆ ಕೂತವರಿಗೆ ಹೀಗೆ ಸುದ್ದಿ.
ಅಮ್ಮ ಗೋಡೆಗೆ ಅಂಗೈಯಿಟ್ಟು ನಿಂತಳು
ಮಗುವಿನ ಜ್ವರ ನೋಡುವವಳಂತೆ,
ಮತ್ತೆ ಎಂಜಲು ಕೈಯಲ್ಲೇ ಓಡಿದಳು.

ಶಾಫ್ಟಿನ ಬಾಯಲ್ಲಿ ಹೆಂಗಸರು. ಯಾರೂ ಅಳಲಿಲ್ಲ;
ಹಲಗೆಯ ಮೊಳೆಗಳಿಗೆ ಮರಳಿ ಬಂದ
ಹಿತ್ತಾಳೆ ಬಿಲ್ಲೆಗಳನ್ನು ಎಣಿಸುತ್ತಿದ್ದರು.
ಅಪ್ಪನದು ಸಂಜೆ ಬಂತು.
ಪಕ್ಕದ ಮನೆಯ ಚಿನ್ನತಂಬಿಯದು ಬರಲಿಲ್ಲ. ಆ ಮೊಳೆ
ಕೆಲವು ದಿನ ಬರಿದಾಗಿತ್ತು, ಆಮೇಲೆ ಬೇರೆಯವರದಾಯಿತು.

ಅಪ್ಪ ಸಾಯುವತನಕ ಅದರ ಮಾತೆತ್ತಲಿಲ್ಲ.
ಬಾಗಿಲನ್ನು ಮಾತ್ರ ಎಂದೂ ದೂಡಿ ಮುಚ್ಚಲಿಲ್ಲ;
ಚೌಕಟ್ಟಿಗೂ ಕದಕ್ಕೂ ನಡುವೆ ಬೆರಳಿಟ್ಟು
ನಿಧಾನವಾಗಿ ಬೆರಳು ತೆಗೆಯುತ್ತಿದ್ದ.
ನಾವು ನಗುತ್ತಿದ್ದೆವು, ಮಕ್ಕಳು.

ತುಂಬಾ ನೋವಾ ಆಂಟಿ? ಕಡಿಮೆ ಮಾಡಲಾ?
ಬೇಡ, ಎಂದೆ. ಬಡಿ.

ಮುಗಿಯಿತು. ಜೆಲ್ಲು ಒರೆಸಿದಳು.
ವಾರಕ್ಕೊಮ್ಮೆ, ಇನ್ನು ನಾಲ್ಕು ಸಲ. ಗುಣ ಕಾಣಲು ತಿಂಗಳುಗಳು ಬೇಕು,
ಕಾಣದವರೂ ಇದ್ದಾರೆ, ಎಂದಳು.
ಸುಳ್ಳು ಹೇಳದ ಹುಡುಗಿ, ಅದೊಂದು ಇಷ್ಟವಾಯಿತು.
ಈಗ ಹತ್ತಕ್ಕೆ ಎಷ್ಟು?
ಕಾಲು ಕೆಳಗಿಟ್ಟೆ. ಕಿಟಕಿಯಲ್ಲಿ ಅಂತರಗಂಗೆಯ ಬೆಟ್ಟ,
ಬಂಡೆಯ ಮೇಲೆ ಬಂಡೆ, ಯಾವುದೂ ಅಲುಗದೆ.
ಹಿಮ್ಮಡಿಯದಾದರೆ ಏಳು, ಎಂದೆ.
ಅಷ್ಟನ್ನೇ ಬರೆದುಕೊಂಡಳು.

ಆಸ್ಪತ್ರೆಯ ಬಾಗಿಲು ಸ್ಪ್ರಿಂಗಿನದು,
ತಾನೇ ಬಂದು ಬಡಿಯುವಂಥದು. ನಡುವೆ ಬೆರಳಿಟ್ಟೆ.
ಕೆಳಗೆ ಸರ್ಕಲ್ಲಿನಲ್ಲಿ ನನ್ನದೇ ಬಸ್ಸು,
ರಜೆಯ ಬದಲಿಗೆ ಬಂದ ಯಾರೋ ಹುಡುಗ
ರೈಟ್ ರೈಟ್ ಎನ್ನುತ್ತಿದ್ದ, ನಿಂತುಕೊಂಡು.